ಮುಂದಿನ ತಿಂಗಳು ನಮ್ಮಲ್ಲೂ ಬರುತ್ತದಂತೆ

ನನ್ನ ಕೈಯಲ್ಲಿರುವ ಫೋನು ಚೆನ್ನಾಗಿಯೇ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕರೆ ಬಂದರೆ ಹೊಡೆದುಕೊಳ್ಳುತ್ತದೆ, ಮಾತಾಡಿದರೆ ಆ ಕಡೆಯವರಿಗೆ ಕೇಳಿಸುತ್ತದೆ. ಅದರಲ್ಲಿರುವ ದೋಷ ಒಂದೇ: ಅದು ಆ ಫೋನಲ್ಲ.

ಆ ಫೋನು ಎಂದರೆ ಯಾವುದು ಎಂದು ನೀವು ಕೇಳಲಾರಿರಿ. ಗುಂಡಿಗಳಿಲ್ಲದ, ಬೆರಳಲ್ಲಿ ಸವರಿದರೆ ಸಾಕೆನ್ನುವ ಆ ಗಾಜಿನ ಹಲಗೆ. ಬೆಳಗ್ಗೆ ರಾಫೆಲ್ಸ್ ಪ್ಲೇಸಿಗೆ ಹೋಗುವ ಎಂಆರ್‌ಟಿ ರೈಲಿನಲ್ಲಿ ನಿಂತರೆ ಎಡಕ್ಕೆ ಒಬ್ಬ ಸವರುತ್ತಿರುತ್ತಾನೆ, ಬಲಕ್ಕೆ ಒಬ್ಬಳು ಸವರುತ್ತಿರುತ್ತಾಳೆ, ನಡುವೆ ನಾನು ಗುಂಡಿ ಒತ್ತುತ್ತಿರುತ್ತೇನೆ. ಮೈಸೂರು ಬಿಟ್ಟು ನಾವು ನೆಲೆಸಿರುವ ಈ ಪರದೇಶದ ಊರಿನಲ್ಲಿ ಅದನ್ನು ಮಾರುವ ಹಕ್ಕಿರುವುದು ಒಂದೇ ಮೊಬೈಲ್ ಕಂಪನಿಗೆ. ನಾವಿರುವುದು ಅದರ ಎದುರಾಳಿಯ ಹತ್ತಿರ. ನನ್ನದು, ಹೆಂಡತಿ ಸುಧಾಳದು, ಮಗಳು ಮೇಘನಾಳದು, ಮೂರು ಲೈನುಗಳೂ ಅಲ್ಲೇ. ಕಾಂಟ್ರ್ಯಾಕ್ಟ್ ಮುಗಿದು ಎಷ್ಟೋ ಕಾಲವಾಯಿತು. ಬಿಟ್ಟು ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹೋಗಲಿ ಸ್ವಾಮಿ, ಮುಂದಿನ ತಿಂಗಳು ನಮ್ಮಲ್ಲೂ ಬರುತ್ತದಂತೆ!

ಈ ‘ಮುಂದಿನ ತಿಂಗಳು’ ಶುರುವಾಗಿ ಒಂದು ವರ್ಷ ತುಂಬಿತು.

ನಮ್ಮ ಭಾಷೆಯನ್ನು ಕಟ್ಟಿದ ಹಿರಿಯರು ಯಾರೋ ಬಹಳ ಬುದ್ಧಿವಂತರು. ಕ್ರಿಯಾಪದದ ಬಾಲಕ್ಕೆ ಒಂದು ‘ಅಂತೆ’ ಅಂಟಿಸಿಬಿಟ್ಟರೆ ಆಡಿದವನ ಮೇಲೆ ಯಾವ ಹೊಣೆಯೂ ಉಳಿಯದಂತೆ ಮಾಡಿಟ್ಟಿದ್ದಾರೆ. ಬರುತ್ತದೆ ಎಂದವನ ಕುತ್ತಿಗೆ ಪಟ್ಟಿ ಹಿಡಿಯಬಹುದು. ಬರುತ್ತದಂತೆ ಎಂದವನನ್ನು ಏನು ಮಾಡುತ್ತೀರಿ? ಅವನೂ ನಿಮ್ಮ ಹಾಗೆಯೇ ಕೇಳಿಸಿಕೊಂಡವನು, ಪಾಪ. ಗಾದೆಗಳು ಅಂತೆ ಕಂತೆಗಳನ್ನು ನಂಬಬೇಡಿ ಎಂದು ಎಚ್ಚರಿಸುತ್ತವೆ, ವ್ಯಾಕರಣ ಮಾತ್ರ ಅವಕ್ಕೆ ಮಣೆ ಹಾಕಿ ಕೂರಿಸುತ್ತದೆ.

ನನಗೆ ಈ ಸುದ್ದಿಯ ಮೂಲ ನಾಗರಾಜ. ಲ್ಯಾಬುಗಳೇ ತುಂಬಿದ ಒನ್-ನಾರ್ತ್ ಬಡಾವಣೆಯಲ್ಲಿ ಕೆಲಸ ಮಾಡುವ ಇಂಜಿನಿಯರ್, ಇಪ್ಪತ್ತು ವರ್ಷದ ಗೆಳೆಯ, ಬೇರೆಲ್ಲ ವಿಷಯಗಳಲ್ಲೂ ನಂಬಿಕಸ್ಥ. ಅವನ ಆಫೀಸಿನವನೊಬ್ಬನ ತಂಗಿಯ ಗಂಡನಿಗೆ ನಮ್ಮ ಕಂಪನಿಯ ಒಳಗಿನವರ ಪರಿಚಯವಂತೆ. ಒಂದೇ ಬಾಯಿಂದ ಬಂದದ್ದನ್ನು ನಂಬಲು ನಾನೇನು ಮೂರ್ಖನೆ? ಭಾನುವಾರ ಲಿಟಲ್ ಇಂಡಿಯಾಕ್ಕೆ ತೊಗರಿಬೇಳೆ, ಕೊತ್ತಂಬರಿ ಸೊಪ್ಪು ತರಲು ಹೋದಾಗ ಅಂಗಡಿಯವರನ್ನು ವಿಚಾರಿಸಿದೆ. ಗಲ್ಲಾದ ಪಕ್ಕದಲ್ಲಿ ಫೋನ್ ಕಾರ್ಡುಗಳನ್ನು ತೋರಣದಂತೆ ನೇತುಹಾಕಿಕೊಂಡವರು, ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು. ಅವರೂ ಮುಂದಿನ ತಿಂಗಳು ಎಂದರು. ಎರಡು ಮೂಲಗಳಾದವಲ್ಲ ಎಂದು ಬೀಗಿದೆ. ನಾಗರಾಜನೂ ಬೇಳೆ ಕೊಳ್ಳುವುದು ಅದೇ ಅಂಗಡಿಯಲ್ಲಿ ಎಂಬುದು ನೆನಪಾಗಲು ನನಗೆ ಮೂರು ತಿಂಗಳು ಹಿಡಿಯಿತು.

ಒಮ್ಮೆ ಕಂಪನಿಯ ಅಂಗಡಿಗೇ ಹೋಗಿ ಕೇಳಿದೆ. ಕೌಂಟರಿನ ಹುಡುಗಿ, ಅದರ ಬಗ್ಗೆ ತಾನೇನೂ ಹೇಳುವಂತಿಲ್ಲ ಎಂದು ಸಣ್ಣಗೆ ನಕ್ಕಳು. ದಿನಕ್ಕೆ ನೂರು ಜನ ಅದನ್ನೇ ಕೇಳಿದರೆ ನಗದೆ ಏನು ಮಾಡಿಯಾಳು? ನಾನು ಮಾತ್ರ ಆ ನಗುವನ್ನು ಜೋಪಾನವಾಗಿ ನಾಗರಾಜನಿಗೆ ಒಪ್ಪಿಸಿದೆ. ವಾರದೊಳಗೆ ಅದು ಅವನಿಂದಲೇ ನನಗೆ ವಾಪಸು ಬಂತು: ಕೌಂಟರಿನವರೇ ಕನ್‌ಫರ್ಮ್ ಮಾಡಿದ್ದಾರಂತೆ. ನನಗೆ ಸಂತೋಷವಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜವಾಗಿ ಸಂತೋಷವಾಯಿತು.

ಒಬ್ಬ ಗಂಡಸು ಫೋನಿಗಾಗಿ ಚಾತಕ ಪಕ್ಷಿಯ ಹಾಗೆ ಬಾಯಿ ಬಿಟ್ಟುಕೊಂಡು ಕೂತರೆ ಲೋಕಕ್ಕೇನು ನಷ್ಟ ಎಂದು ನೀವು ಅನ್ನಬಹುದು. ನಷ್ಟವಿದೆ. ಅದು ಅರ್ಥವಾಗಬೇಕಾದರೆ ನಮ್ಮ ಮನೆಯ ಪದ್ಧತಿ ತಿಳಿದಿರಬೇಕು. ನಮ್ಮಲ್ಲಿ ಹೊಸ ಫೋನು ಕೊಳ್ಳುವವನು ನಾನೊಬ್ಬನೇ. ನನ್ನ ಹಳೆಯದು ಸುಧಾಗೆ, ಸುಧಾಳ ಹಳೆಯದು ಮೇಘನಾಗೆ. ಮೈಸೂರಿನಲ್ಲಿ ನಾನು ಮೂರನೆಯ ಮಗನಾಗಿ ಹುಟ್ಟಿದವನು. ದೊಡ್ಡಣ್ಣನ ಪ್ಯಾಂಟು ಚಿಕ್ಕಣ್ಣನ ಮೂಲಕ ಮಂಡಿ ಸವೆಸಿಕೊಂಡು ನನಗೆ ಬರುತ್ತಿತ್ತು. ಪಠ್ಯಪುಸ್ತಕಗಳ ಲೆಕ್ಕಗಳನ್ನು ಇಬ್ಬರು ನನಗಿಂತ ಮೊದಲೇ ಮಾಡಿಟ್ಟಿರುತ್ತಿದ್ದರು, ಇಬ್ಬರೂ ತಪ್ಪಾಗಿ. ಸರದಿಯ ಬಾಲದಲ್ಲೇ ಬೆಳೆದವನಿಗೆ ಒಮ್ಮೆ ತಲೆಯಲ್ಲಿ ನಿಲ್ಲುವ ಯೋಗ ಬಂದರೆ ಅವನು ಜಾಗ ಬಿಟ್ಟುಕೊಡುವುದಿಲ್ಲ. ಬಾಲದಲ್ಲಿ ಈಗ ಯಾರಿದ್ದಾರೆ ಎಂದು ತಿರುಗಿಯೂ ನೋಡುವುದಿಲ್ಲ.

ಬಾಲದಲ್ಲಿದ್ದ ಮೇಘನಾಗೆ ಹದಿನೇಳು. ಅವಳ ಫೋನಿನ ಐದನೇ ಗುಂಡಿ ಉದುರಿಹೋಗಿತ್ತು. ಹಿಂದಿನ ಮುಚ್ಚಳ ಬೀಳದಿರಲೆಂದು ತಲೆಗೂದಲಿನ ರಬ್ಬರ್ ಬ್ಯಾಂಡ್ ಸುತ್ತಿದ್ದಳು. ಬ್ಯಾಟರಿ ಬೆಳಗ್ಗೆ ತುಂಬಿಸಿಕೊಂಡು ಹೋದರೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಸುಧಾ ಎರಡು ಸಲ ನೆನಪಿಸಿದ್ದಳು. ಇನ್ನೇನು ನಮ್ಮಲ್ಲೂ ಬಂದುಬಿಡುತ್ತದೆ, ಆಗ ಮೂವರದೂ ಒಟ್ಟಿಗೆ ಬದಲಾಗುತ್ತದಲ್ಲ, ಈಗ್ಯಾಕೆ ನಡುವೆ ಒಂದು ಎಂದು ನಾನು ಎರಡೂ ಸಲ ತಳ್ಳಿಹಾಕಿದ್ದೆ. ಮೇಘನಾ ಮಾತ್ರ ಒಂದು ದಿನವೂ ದೂರಲಿಲ್ಲ. ದೂರು ಹೇಳದ ಮಕ್ಕಳಿರುವ ಮನೆಯಲ್ಲಿ ಅಪ್ಪಂದಿರು ಬಹಳ ಬೇಗ ಕೆಡುತ್ತಾರೆ.

ಜೂನ್ ರಜೆಯಲ್ಲಿ ಒನ್-ನಾರ್ತ್‌ನ ಒಂದು ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ನಾಲ್ಕು ವಾರದ ಕೆಲಸ ಕೊಡುತ್ತಿದ್ದರು. ಮೇಘನಾ ಅರ್ಜಿ ಹಾಕಿ, ಇಂಟರ್‌ವ್ಯೂ ಮುಗಿಸಿ, ವೇಟಿಂಗ್ ಲಿಸ್ಟಿನಲ್ಲಿ ಮೊದಲನೆಯವಳಾಗಿ ನಿಂತಿದ್ದಳು. ಮೈಕ್ರೋಸ್ಕೋಪು ಎಂದರೆ ಅವಳಿಗೆ ಪ್ರಾಣ. ಯಾರಾದರೂ ಬಿಟ್ಟರೆ ಫೋನ್ ಮಾಡುತ್ತೇವೆ ಎಂದಿದ್ದರು. ಅವಳು ಎರಡು ವಾರ ಆ ಕರೆಗಾಗಿ ಕಾದಳು, ನಾನು ಕಾಯುತ್ತಿದ್ದಂತೆ ಕಂಡಕಂಡವರಿಗೆಲ್ಲ ಹೇಳಿಕೊಂಡು ಅಲ್ಲ, ಸುಮ್ಮನೆ.

ಒಂದು ಗುರುವಾರ ಯಾರೋ ಬಿಟ್ಟರು. ಮಧ್ಯಾಹ್ನ ಒಂದೂವರೆಗೆ ಲ್ಯಾಬಿನವರು ಕರೆ ಮಾಡಿ, ನಾಲ್ಕು ಗಂಟೆಯೊಳಗೆ ಹೂಂ ಎನ್ನಬೇಕೆಂದು ಮೆಸೇಜು ಬಿಟ್ಟಿದ್ದರು. ಅಷ್ಟು ಹೊತ್ತಿಗೆ ಫೋನು ಅವಳ ಬ್ಯಾಗಿನಲ್ಲಿ ಸತ್ತು ಮಲಗಿತ್ತು. ಆರಕ್ಕೆ ಮನೆಗೆ ಬಂದು ಚಾರ್ಜಿಗೆ ಹಾಕಿ, ಮೆಸೇಜು ಕೇಳಿ, ಅಡುಗೆಮನೆಯ ಫೋನಿನಿಂದ ಲ್ಯಾಬಿಗೆ ಮಾತಾಡಿ ಬಂದು ನನ್ನ ಎದುರಿಗೆ ಕೂತಳು.

“ನೆಕ್ಸ್ಟ್ ಇದ್ದೋರಿಗೆ ಕೊಟ್ಟುಬಿಟ್ರಂತೆ ಅಪ್ಪಾ,” ಎಂದಳು.

ನಾನು ಲ್ಯಾಬಿನವರನ್ನು ಬಯ್ಯಲು ಬಾಯಿ ತೆಗೆದೆ. ಎರಡೂವರೆ ಗಂಟೆ ಕಾಯುವುದೂ ಒಂದು ಕಾಯುವುದೇ, ಇವರಿಗೇನು ಮೈಮೇಲೆ ಬೆಂಕಿ ಬಿದ್ದಿತ್ತೇ ಎಂದು ಶುರುಮಾಡಿದೆ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ನಾಗರಾಜ. ಗುರೂ, ಈ ಸಲ ಪಕ್ಕಾ, ಬರೋ ತಿಂಗಳು ಎಂದ. ಆಮೇಲೆ ಮಾಡುತ್ತೇನೆ ಎಂದು ಇಟ್ಟೆ. ಮೇಘನಾಗೆ ಎಲ್ಲವೂ ಕೇಳಿಸಿತ್ತು.

“ನಂಗೆ ಹೊಸದು ಬೇಕಿರಲಿಲ್ಲ,” ಎಂದಳು. “ಆನ್ ಇದ್ದಿದ್ರೆ ಸಾಕಿತ್ತು ಅಪ್ಪಾ.”

ಬಯ್ದಿದ್ದರೆ ನಾನೂ ನಾಲ್ಕು ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ಬಯ್ಯಲಿಲ್ಲ. ವರ್ಷವಿಡೀ ಕಂಪನಿಯವರ ಮೇಲೆ, ನಾಗರಾಜನ ಮೇಲೆ, ಎಂಆರ್‌ಟಿಯಲ್ಲಿ ಸವರುವವರ ಮೇಲೆ ಹರಿಸಿದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಸುಧಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎರಡು ಸಲ ನೆನಪಿಸಿದ್ದವಳು.

ಶನಿವಾರ ಮೇಘನಾಳನ್ನು ಕರೆದುಕೊಂಡು ಫೋನಿನ ಅಂಗಡಿಗೆ ಹೋದೆ. ಅದನ್ನು ಮಾರುವ ಆ ಇನ್ನೊಂದು ಕಂಪನಿಗೇ ಹೋಗಿ, ಸಹಿ ಹಾಕಿ, ಆ ಗಾಜಿನ ಹಲಗೆಯನ್ನೇ ಅವಳಿಗೆ ಕೊಡಿಸಿಬಿಡುವ ಶೌರ್ಯವೆಲ್ಲ ನನ್ನಲ್ಲಿ ಸಿದ್ಧವಾಗಿತ್ತು. ಅವಳು ಅದರ ಕಡೆ ನೋಡಲೂ ಇಲ್ಲ. ಅಂಗಡಿಯವನನ್ನು ಅವಳು ಕೇಳಿದ್ದು ಒಂದೇ ಪ್ರಶ್ನೆ, ಯಾವುದರಲ್ಲಿ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ ಎಂದು. ಅವನು ತೋರಿಸಿದ ದಪ್ಪನೆಯ, ಗುಂಡಿಗಳಿರುವ, ಯಾರೂ ಗಾಳಿಸುದ್ದಿ ಹಬ್ಬಿಸದ ಫೋನನ್ನು ತೆಗೆದುಕೊಂಡಳು.

ಬಸ್ಸಿನಲ್ಲಿ ಅವಳು ಮೊದಲು ಮಾಡಿದ ಕೆಲಸ ಲ್ಯಾಬಿನ ನಂಬರನ್ನು ಅದರಲ್ಲಿ ಹಾಕಿಕೊಂಡದ್ದು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, “ಡಿಸೆಂಬರ್ ರಜೆಗೆ ಕರೀತಾರಾ ಅಪ್ಪಾ?” ಎಂದು ಕೇಳಿದಳು.

ನನಗೆ ಆ ಲ್ಯಾಬಿನಲ್ಲಿ ಯಾರೂ ಗೊತ್ತಿಲ್ಲ. ಅವರ ತಂಗಿಯ ಗಂಡಂದಿರೂ ಗೊತ್ತಿಲ್ಲ. ಡಿಸೆಂಬರಿನಲ್ಲಿ ಲ್ಯಾಬು ಯಾರನ್ನಾದರೂ ತೆಗೆದುಕೊಳ್ಳುತ್ತದೆಯೋ ಇಲ್ಲವೋ ಅದೂ ಗೊತ್ತಿಲ್ಲ.

“ಕರೀತಾರೆ,” ಎಂದೆ. “ಖಂಡಿತ ಕರೀತಾರೆ.”

ಗಾಳಿಸುದ್ದಿ ಹಬ್ಬಿಸುವವರೆಲ್ಲ ಸುಳ್ಳುಗಾರರು ಎಂದು ತಿಳಿದಿದ್ದೆ. ಬಹುಶಃ ಅವರಲ್ಲಿ ಅರ್ಧ ಜನ, ಪಕ್ಕದಲ್ಲಿ ಕೂತವರ ಮುಖ ನೋಡಲಾಗದೆ ಹೀಗೆ ಏನೋ ಒಂದು ಹೇಳಿದವರೇ ಇರಬೇಕು.