ಹತ್ತನೇ ತರಗತಿಯ ಬಾಗಿಲಿಗೊಂದು ಚಿಲಕ

ಹತ್ತನೇ ತರಗತಿಯ ಕೋಣೆಗೆ ಒಳಗಿನಿಂದ ಒಂದು ಚಿಲಕ ಬೇಕೆಂದು ನಾನು ಮೊದಲು ಕೇಳಿದ್ದು ನಮ್ಮ ಶಾಲೆಗೆ ಅದರದೇ ಆಡಳಿತ ಮಂಡಳಿ ಇದ್ದ ಕಾಲದಲ್ಲಿ. ಹಳೆಯದು ಕಿತ್ತುಹೋಗಿತ್ತು. ಗಾಳಿ ಬೀಸಿದಾಗಲೆಲ್ಲ ಬಾಗಿಲು ತಾನಾಗಿ ತೆರೆದುಕೊಂಡು, ನಾನು ಹಲಗೆಯ ಮೇಲೆ ಬರೆದ ಪ್ರಮೇಯಕ್ಕಿಂತ ಹೊರಗೆ ಹೋಗುವ ಕುರಿಹಿಂಡೇ ಮಕ್ಕಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಚಿಂತೆ ಕುರಿಗಳದ್ದು ಮಾತ್ರ. ಕರಡಿಯ ಯೋಚನೆ ನನಗಿರಲಿಲ್ಲ.

ಗುಡೇಕೋಟೆ ಕಡೆಯ ಗುಡ್ಡಗಳ ಬುಡದಲ್ಲಿರುವ ನಮ್ಮ ಪ್ರೌಢಶಾಲೆಯನ್ನು ಊರಿನವರೇ ಕೂಡಿ ಕಟ್ಟಿದ್ದರು. ಶೇಂಗಾ ವ್ಯಾಪಾರ ಮಾಡುವ ಹಿರಿಯರೊಬ್ಬರು ಅಧ್ಯಕ್ಷರು. ಸಭೆ ನಡೆಯುತ್ತಿದ್ದುದು ಬೇವಿನ ಮರದ ಕೆಳಗೆ. ಮಂಡಕ್ಕಿ ಮಿರ್ಚಿ ಬಂದಾಗ ಶುರುವಾಗಿ, ಮಿರ್ಚಿ ಮುಗಿದಾಗ ಮುಗಿಯುತ್ತಿತ್ತು. ಶಿಕ್ಷಕರ ಪರವಾಗಿ ಕೂರುತ್ತಿದ್ದ ನಾನು ಚಿಲಕದ ಮಾತೆತ್ತಿದರೆ ಅಧ್ಯಕ್ಷರು ಬಾಯಲ್ಲಿದ್ದುದನ್ನು ನುಂಗುವ ಮೊದಲೇ ಒಪ್ಪಿಬಿಡುತ್ತಿದ್ದರು.

“ಆತು ಬಿಡವ್ವ ಟೀಚರ. ನಾಳೆನ ಹಾಕಿಸಿಬಿಡೂಣು.”

ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಇನ್ನೊಬ್ಬ ಸದಸ್ಯರು, “ಚಿಲಕ ನಮ್ಮ ಅಂಗಡ್ಯಾಗ ರಾಶಿ ಬಿದ್ದಾವ್ರಿ,” ಎನ್ನುತ್ತಿದ್ದರು. ಬಹುಶಃ ಈಗಲೂ ಬಿದ್ದಿರಬೇಕು.

ಆಮೇಲೆ ಮಕ್ಕಳು ಕಡಿಮೆಯಾದರು, ನಮ್ಮ ಸಂಬಳ ತಿಂಗಳುಗಟ್ಟಲೆ ತಡವಾಗತೊಡಗಿತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಶಾಲೆ ನಡೆಸುವ, ಹರಪನಹಳ್ಳಿಯಲ್ಲಿ ಮುಖ್ಯ ಕಚೇರಿ ಇರುವ ಒಂದು ಟ್ರಸ್ಟಿಗೆ ನಮ್ಮ ಶಾಲೆಯನ್ನೂ ಸೇರಿಸಿದರು. ನಾನು ದೂರುವುದಿಲ್ಲ. ಸಂಬಳ ಹೊತ್ತಿಗೆ ಸರಿಯಾಗಿ ಬಂತು, ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ಬಂತು, ಗೋಡೆಗಳಿಗೆ ಟ್ರಸ್ಟಿನ ನೀಲಿ ಬಣ್ಣ ಬಂತು. ಆಡಳಿತ ಮಂಡಳಿ ಮಾತ್ರ ಹೋಗಿ ‘ಸ್ಥಳೀಯ ಸಲಹಾ ಸಮಿತಿ’ ಆಯಿತು.

“ಅಂದ್ರ ನಾವು ಹೇಳಬೋದು, ಮಾಡಂಗಿಲ್ಲ. ಹೌದಲ್ಲೊ?” ಎಂದು ಅಧ್ಯಕ್ಷರು ವೆಲ್ಡಿಂಗ್ ಅಂಗಡಿಯವರನ್ನು ಕೇಳಿದರು.

“ಹೌದ್ರಿ.”

“ಹಂಗಾರ ಚಿಂತಿಲ್ಲ ಬಿಡು. ಮನ್ಯಾಗ ನಂದು ಭಾಳ ವರ್ಷದಿಂದ ಇದ ಪೋಸ್ಟು.”

ನನ್ನ ಚಿಲಕದ ಬೇಡಿಕೆ ಈಗ ಹರಪನಹಳ್ಳಿಗೆ ಹೋಯಿತು. ಎಲ್ಲ ಶಾಲೆಗಳಿಗೂ ಒಂದೇ ನಮೂನೆಯ ಚಿಲಕ ಬರಲಿದೆ, ಅಲ್ಲಿಯವರೆಗೆ ಸ್ಥಳೀಯವಾಗಿ ಏನನ್ನೂ ಜೋಡಿಸಬಾರದು ಎಂಬ ಉತ್ತರ ಬಂತು. ಹಳೆಯ ಮಂಡಳಿ ತಕ್ಷಣ ಒಪ್ಪಿ ಮರೆತುಬಿಡುತ್ತಿತ್ತು. ಹೊಸ ಟ್ರಸ್ಟು ನೆನಪಿಟ್ಟುಕೊಳ್ಳುತ್ತಿತ್ತು, ಆದರೆ ಒಪ್ಪುತ್ತಿರಲಿಲ್ಲ. ನಾನು ಕಾಗದ ಮಡಚಿ ಬಾಗಿಲ ಸಂದಿಗೆ ಸಿಕ್ಕಿಸಿ ಪಾಠ ಮಾಡುತ್ತಿದ್ದೆ.

ಸಣ್ಣಪುಟ್ಟ ರಿಪೇರಿಯ ಅಧಿಕಾರವನ್ನಾದರೂ ಊರಿನವರಿಗೆ ಬಿಡಬೇಕು ಎಂದು ಕೇಳಲು ಸಮಿತಿ ಟ್ರಸ್ಟಿನ ಆಡಳಿತಾಧಿಕಾರಿಗಳನ್ನು ಕರೆಸಿತು. ಸಭೆಯಲ್ಲಿ ಹಾರ, ಶಾಲು, ತಿಂಡಿ ಕೂಡದೆಂದು ಅವರು ಮೊದಲೇ ಹೇಳಿ ಕಳಿಸಿದ್ದರು. ಅಧ್ಯಕ್ಷರು ಕೂತು ಯೋಚಿಸಿದರು. ಹಣ್ಣು ತಿಂಡಿಯಲ್ಲ, ಪಡಸಾಲೆ ಸಭೆಯಲ್ಲ. ಆದ್ದರಿಂದ ಗುಡ್ಡದ ಸೀತಾಫಲ ಒಂದು ಬುಟ್ಟಿ ತುಂಬ ತರಿಸಿ ಪಡಸಾಲೆಯ ಕಂಬದ ಪಕ್ಕ ಇಡಿಸಿದರು. ಅದರಲ್ಲಿ ಒಳ್ಳೊಳ್ಳೆಯದನ್ನು ಆರಿಸಿ, ಸಾಹೇಬರು ಮನೆಗೆ ಒಯ್ಯಲೆಂದು ಒಂದು ಚೀಲಕ್ಕೆ ತುಂಬಿ ಸಭೆಯ ಕೋಣೆಯೊಳಗಿಟ್ಟರು. ಎಲ್ಲ ಚೆನ್ನಾಗಿ ಮಾಗಿದ ಹಣ್ಣು. ಘಮ ಗೇಟಿನವರೆಗೂ ಬರುತ್ತಿತ್ತು. ಗುಡ್ಡದವರೆಗೂ ಹೋಗುತ್ತದೆಂದು ಯಾರಿಗೂ ಹೊಳೆಯಲಿಲ್ಲ.

ಆ ಸಂಜೆ ನಾನು ಹತ್ತನೇ ತರಗತಿಗೆ ವಿಶೇಷ ಪಾಠ ಮಾಡುತ್ತಿದ್ದೆ. ಸಭೆ ನಡೆಯುತ್ತಿದ್ದ ಮುಖ್ಯೋಪಾಧ್ಯಾಯರ ಕೋಣೆ ಅದೇ ಪಡಸಾಲೆಯ ತಿರುವಿನಲ್ಲಿದೆ. ಅದರ ಕಿಟಕಿ ನನ್ನ ಬಾಗಿಲಿಗೆ ಎದುರು, ಆದ್ದರಿಂದ ಮಾತೆಲ್ಲ ಕೇಳುತ್ತಿತ್ತು.

“ಎಲ್ಲಾ ಶಾಲೆಗೂ ಒಂದೇ ನಿಯಮ ಇರ್ಬೇಕು ನೋಡ್ರಿ,” ಎಂದರು ಸಾಹೇಬರು. “ಇವತ್ತು ಚಿಲಕ ಅಂತೀರಿ, ನಾಳೆ ಗೋಡೆ ಅಂತೀರಿ.”

“ನಾಳೆ ಯಾಕ್ರಿ ಸಾಹೇಬ್ರ, ಗುಡ್ಡದ ಕಡೀ ಗ್ವಾಡಿ ಬಿದ್ದು ಆಗಲೇ ವರ್ಷಾತು,” ಎಂದರು ಅಧ್ಯಕ್ಷರು.

ನನಗೆ ನಗು ಬಂತು. ಅಷ್ಟರಲ್ಲಿ ಕಾಗದ ಬಿದ್ದು ಬಾಗಿಲು ತೆರೆದುಕೊಂಡಿತು. ಮುಚ್ಚಲು ಹೋದೆ. ಮುಸ್ಸಂಜೆಯ ಮಬ್ಬಿನಲ್ಲಿ ಯಾರೋ ಕರಿಕಂಬಳಿ ಹೊದ್ದು ಬುಟ್ಟಿಯ ಮೇಲೆ ಬಗ್ಗಿದ್ದರು. ಹಣ್ಣು ಕದಿಯುತ್ತಿದ್ದಾರೆ ಎಂದುಕೊಂಡು, ತರಗತಿಯಲ್ಲಿ ಗದರುವ ದನಿಯಲ್ಲೇ “ಯಾರದು?” ಎಂದೆ.

ಕಂಬಳಿ ತಿರುಗಿತು. ಉದ್ದನೆಯ ಬೂದು ಮೂತಿ, ಎದೆಯ ಮೇಲೆ ಬಿಳಿ ಗೆರೆ.

ಬಾಗಿಲು ನೂಕಿ ಬೆನ್ನು ಕೊಟ್ಟು ನಿಂತದ್ದು ನೆನಪಿದೆ. ಮಕ್ಕಳು ಬೆಂಚುಗಳನ್ನು ಎಳೆತಂದದ್ದು ನೆನಪಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ನನ್ನನ್ನು ಪಕ್ಕಕ್ಕೆ ಸರಿಸಿ, “ಜಾಗಾ ಬಿಡ್ರಿ ಮಿಸ್, ನಾನು ನಿಮಗಿಂತ ದಪ್ಪ ಅದೀನಿ,” ಎಂದು ಬಾಗಿಲಿಗೆ ಒರಗಿ ಕೂತಳು. ಹೊರಗೆ ಹಣ್ಣು ಹೀರುವ ಸದ್ದು, ಬೀಜ ಉಗಿಯುವ ಸದ್ದು.

ಕಿಟಕಿಯಿಂದ ಅಧ್ಯಕ್ಷರು ಕೂಗಿದರು: “ಟೀಚರವ್ವಾ, ಚಿಲಕ ಹಾಕ್ಕೊಳ್ರಿ!”

“ಚಿಲಕ ಎಲ್ಲೈತ್ರಿ ಅಧ್ಯಕ್ಷರ!”

ನನ್ನ ಕೂಗನ್ನು ಕರಡಿಯೂ ಕೇಳಿತ್ತು. ಹೀರುವ ಸದ್ದು ನಿಂತಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಮೂಸುವ ಉಸಿರು ಬಂತು. ಬಿಸಿ, ಸಿಹಿ, ಕೊಳೆತ ವಾಸನೆ. ಆಮೇಲೆ ಮರದ ಮೇಲೆ ಉಗುರು ಎಳೆಯಿತು. ಬಾಗಿಲು ಒಳಕ್ಕೆ ಒತ್ತಿತು, ಬೆಂಚುಗಳ ಜೊತೆ ನಾವೂ ಒಂದಿಷ್ಟು ಜಾರಿದೆವು. ನನ್ನ ಎರಡೂ ಅಂಗೈ ಬಾಗಿಲ ಹಲಗೆಯ ಮೇಲಿದ್ದವು. ಆ ಒತ್ತು ನನ್ನ ಅಂಗೈಗೆ ಈಗಲೂ ತಾಕುತ್ತದೆ. ಬಸ್ಸಿನಲ್ಲಿ ಯಾರಾದರೂ ಹಿಂದಿನಿಂದ ಸೀಟಿಗೆ ಒರಗಿದರೆ ಸಾಕು, ಕೈ ಬೆವರುತ್ತದೆ.

ಎದುರಿನ ಕಿಟಕಿಯಿಂದ ಅಧ್ಯಕ್ಷರ, ಸಾಹೇಬರ ಮಾತು ಕೇಳುತ್ತಿತ್ತು.

“ಸಾಹೇಬ್ರ, ನಿಮ್ಮ ಹಣ್ಣಿನ ಚೀಲ ಕೊಡ್ರಿ ಇತ್ಲಾಗ.”

“ಅರಣ್ಯ ಇಲಾಖೆಗೆ ಫೋನ್ ಮಾಡಿದೀನಿ, ಬರ್ತಾರೆ. ಕಾಯೋಣ.”

“ನಾವು ಕಾಯ್ತೀವ್ರಿ. ಆ ಬಾಗಲು ಕಾಯ್ತೈತೇನು?”

ಮತ್ತೆ ಬಾಗಿಲು ಒತ್ತಿತು, ಮಕ್ಕಳು ಚೀರಿದರು. ಆಮೇಲೆ ತಿಳಿಯಿತು, ಸಾಹೇಬರು ಚೀಲವನ್ನು ಕೊಡಲಿಲ್ಲ. ತಾವೇ ಕೈ ಹಾಕಿ ಕಿಟಕಿಯ ಸರಳುಗಳ ನಡುವಿನಿಂದ ಎಸೆಯತೊಡಗಿದರು. ಮೊದಲ ಹಣ್ಣು ಕಂಬಕ್ಕೆ ಬಡಿದು ಒಡೆಯಿತು.

“ಇನ್ನೊಂಚೂರು ಅಂಗಳದ ಕಡಿ ಒಗೀರಿ ಸಾಹೇಬ್ರ, ದೂರ ಹೋಗ್ಲಿ!” ಎಂದರು ವೆಲ್ಡಿಂಗ್ ಅಂಗಡಿಯವರು.

ಸ್ಥಳೀಯ ಸಲಹಾ ಸಮಿತಿ ಕೊಟ್ಟ ಮೊದಲ ಸಲಹೆ ಅದು. ಯಾವ ತಕರಾರೂ ಇಲ್ಲದೆ ತಕ್ಷಣ ಜಾರಿಯಾಯಿತು.

ಹಣ್ಣು ಅಂಗಳಕ್ಕೆ ಬಿತ್ತು, ಇನ್ನೊಂದು ಅದಕ್ಕಿಂತ ದೂರ ಬಿತ್ತು. ಬಾಗಿಲ ಮೇಲಿನ ಭಾರ ಇಳಿಯಿತು. ಕರಡಿ ಒಂದೊಂದೇ ಹಣ್ಣು ಹೀರುತ್ತ ಬಿದ್ದ ಗೋಡೆಯವರೆಗೆ ಹೋಯಿತು. ಊರಿನವರು ತಗಡು ಬಡಿಯುತ್ತ ಬರುವ ಸದ್ದು ಕೇಳಿ ಗುಡ್ಡ ಹತ್ತಿತು.

ಬಾಗಿಲು ತೆಗೆದು ಮಕ್ಕಳನ್ನು ಅವರವರ ಮನೆಯವರ ಕೈಗೆ ಒಪ್ಪಿಸಿದ ಮೇಲೆ ನಾನು ಪಡಸಾಲೆಯಲ್ಲೇ ಕೂತೆ. ಸಾಹೇಬರೂ ಬಂದು ಪಕ್ಕದಲ್ಲಿ ಕೂತರು. ಅವರ ಕೈಗೆ ಹಣ್ಣಿನ ತಿರುಳು ಮೆತ್ತಿತ್ತು. ಬಾಗಿಲ ಮೇಲಿನ ಉಗುರಿನ ಗೀರುಗಳನ್ನು ಬಹಳ ಹೊತ್ತು ನೋಡಿ, “ಹಾಕಿಸಿಬಿಡ್ರಿ ಅಧ್ಯಕ್ಷರೇ,” ಎಂದರು. ಕಾರಿನವರೆಗೆ ಹೋಗಲು ಇಬ್ಬರನ್ನು ಜೊತೆಗೆ ಕರೆದುಕೊಂಡರು.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಚಿಲಕ ಇತ್ತು. ಸೊಟ್ಟಗಿತ್ತು, ಕರಡಿಗಲ್ಲ, ಆನೆಗೇ ಮಾಡಿಸಿದಷ್ಟು ದಪ್ಪಗಿತ್ತು.

“ನೋಡವ್ವ ಟೀಚರ, ನಾಳೆ ಅಂದಿದ್ದೆ, ನಾಳೆನ ಹಾಕಿಸಿದೆ,” ಎಂದರು ಅಧ್ಯಕ್ಷರು. ಆದರೆ ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಗೀರುಗಳ ಮೇಲಿತ್ತು.

ಸ್ವಲ್ಪ ದಿನದಲ್ಲಿ ಸುತ್ತೋಲೆ ಬಂತು. ಮಕ್ಕಳ ಸುರಕ್ಷತೆಗೆ ಬೇಕಾದ ಸಣ್ಣ ರಿಪೇರಿಗಳನ್ನು ಇನ್ನು ಮುಂದೆ ಸ್ಥಳೀಯ ಸಮಿತಿಯೇ ಮಾಡಿಸಿ, ಆಮೇಲೆ ತಿಳಿಸಿದರೆ ಸಾಕು. ಗುಡ್ಡದ ಕಡೆಯ ಗೋಡೆ ಎದ್ದದ್ದು ಅದರಿಂದಲೇ. ಆದರೆ ಟ್ರಸ್ಟಿನ ಅಭ್ಯಾಸ ಎಲ್ಲಿ ಹೋಗುತ್ತದೆ? ಕರಡಿ ಬಂದರೆ ಏನು ಮಾಡಬೇಕೆಂಬ ತಾಲೀಮು ಎಲ್ಲ ಶಾಲೆಗಳಿಗೂ ಕಡ್ಡಾಯವಾಯಿತು. ಕೊಟ್ಟೂರಿನ ಪೇಟೆಯ ನಡುವಿನ ಶಾಲೆಯಲ್ಲಿರುವ ನನ್ನ ಗೆಳತಿ ಫೋನ್ ಮಾಡಿದಳು.

“ನಿನ್ನ ಕರಡಿ ದೆಸಿಯಿಂದ ಬಿಸಿಲಾಗ ನಾವು ಬೆಂಚ್ ಎಳಿಯಾಕ ಹತ್ತೀವಲೇ. ಇಲ್ಲಿಗೆ ಅದು ಬರಬೇಕಂದ್ರ ಬಸ್ ಹಿಡೀಬೇಕು!”

ನಕ್ಕೆ. ಫೋನ್ ಇಟ್ಟ ಮೇಲೆ ನೋಡಿದರೆ ಅಂಗೈ ಒದ್ದೆಯಾಗಿತ್ತು.

ಕೊನೆಗೆ ಹರಪನಹಳ್ಳಿಯಿಂದ ಒಂದೇ ನಮೂನೆಯ ನೀಲಿ ಚಿಲಕವೂ ಬಂತು. ಊರಿನದನ್ನು ತೆಗೆಯಲು ನಾನು ಬಿಡಲಿಲ್ಲ, ಸಾಹೇಬರೂ ಒತ್ತಾಯಿಸಲಿಲ್ಲ. ಈಗ ಸಂಜೆಯ ಪಾಠಕ್ಕೆ ಮೊದಲು ಎರಡನ್ನೂ ಹಾಕಿ, ಬಾಗಿಲನ್ನು ಒಮ್ಮೆ ಒತ್ತಿ ನೋಡುತ್ತೇನೆ.

“ಒಂದು ಸಾಕಲ್ರಿ ಮಿಸ್,” ಎನ್ನುತ್ತಾರೆ ಈ ವರ್ಷದ ಮಕ್ಕಳು.

ಅವರು ಆ ಸಂಜೆ ಅಲ್ಲಿರಲಿಲ್ಲ. ಪುಸ್ತಕ ತೆಗೆಯಿರಿ ಎನ್ನುತ್ತೇನೆ.