ಆರು ಜನರ ವಾರ

ಆ ದೊಡ್ಡ ಆಸ್ಪತ್ರೆಯಲ್ಲಿ ಅವಳ ದನಿ ಕೇಳದವರಿಲ್ಲ, ಮುಖ ಕಂಡವರು ಮಾತ್ರ ಬೆರಳೆಣಿಕೆ. ನೆಲಮಾಳಿಗೆಯಲ್ಲಿ, ಔಷಧಿ ಉಗ್ರಾಣದ ಪಕ್ಕ, ಕಿಟಕಿಯೇ ಇಲ್ಲದ ಒಂದು ಕೋಣೆ. ಅಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಹೊರಗಿನ ಕರೆಗಳನ್ನು ವಾರ್ಡಿಗೂ ವಾರ್ಡಿನ ಕರೆಗಳನ್ನು ಡಾಕ್ಟರರ ಕೋಣೆಗೂ ಜೋಡಿಸಿಕೊಡುತ್ತ ಅವಳು ಇಪ್ಪತ್ತೇಳು ವರ್ಷ ಕಳೆದಿದ್ದಳು. ಎಲ್ಲರ ಬಾಯಲ್ಲೂ ಅವಳು 'ಹಲೋ ಅಕ್ಕ'. ಒಮ್ಮೆ ಲಿಫ್ಟಿನಲ್ಲಿ ಮೂಳೆ ಡಾಕ್ಟರು ಅವಳ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು ಪಕ್ಕದವರಿಗೆ, "ನಮ್ಮ ಹಲೋ ಅಕ್ಕನ ದನಿ ಕೇಳಿದ್ರೆ ಅರ್ಧ ನೋವು ಹೋಗುತ್ತೆ ರೀ, ಒಂದು ದಿನ ಅವರನ್ನ ನೋಡ್ಬೇಕು" ಎಂದಿದ್ದರು. ಅವಳು ತುಟಿ ಪಿಟಕ್ಕೆನ್ನದೆ ತನ್ನ ಮಹಡಿ ಬಂದಾಗ ಇಳಿದುಹೋದಳು.

ಮದುವೆಯಾಗಿರಲಿಲ್ಲ. ಯಾಕಾಗಲಿಲ್ಲ ಎಂದು ಕೇಳುವವರೂ ಈಗ ಉಳಿದಿರಲಿಲ್ಲ. ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅಮ್ಮನ ಜೊತೆ ಇದ್ದಳು; ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬ ತಮ್ಮ, ಅದೇ ಊರಿನ ಇನ್ನೊಂದು ತುದಿಯಲ್ಲಿ, ಎರಡು ಬಸ್ಸಿನ ದಾರಿ. ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. "ಊಟ ಆಯ್ತಾ ಅಕ್ಕಾ? ಹುಷಾರಾಗಿದೀಯಾ?" ಎಂದು ಕೇಳುತ್ತ ಆಚೆ ಅವನು ಬೇರೇನೋ ಕೆಲಸ ಮಾಡುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಒಮ್ಮೊಮ್ಮೆ ಶೂಗೆ ಪಾಲಿಶ್ ತಿಕ್ಕುವ ಸದ್ದು, ಒಮ್ಮೊಮ್ಮೆ ಟೀವಿಯ ದನಿ ಸಣ್ಣಗೆ ಮಾಡಿದ ಸದ್ದು. ಕಿವಿಯೇ ಕಸುಬಾದವಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿರಲಿಲ್ಲ.

ರಜೆಯ ಒಂದು ಮಧ್ಯಾಹ್ನ ಅವಳಿಗೆ ಒಂದು ಕರೆ ಬಂತು. ಹುಡುಗಿಯೊಬ್ಬಳ ದನಿ. ಬಟ್ಟೆ ಅಂಗಡಿಯಲ್ಲಿ ಹಲೋ ಅಕ್ಕ ತುಂಬಿ ಹಾಕಿದ ಚೀಟಿಗೆ ಬಹುಮಾನ ಬಂದಿದೆಯಂತೆ, ಹೋಟೆಲಿಗೆ ಬಂದು ಒಂದು ಗಂಟೆ ಕೂತು ರಜಾ ಯೋಜನೆಯ ವಿಷಯ ಕೇಳಿದರೆ ಸಾಕಂತೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕತ್ತರಿಸುತ್ತಿದ್ದರು. ಹಲೋ ಅಕ್ಕ ಜೀವಮಾನದಲ್ಲಿ ಯಾವ ಕರೆಯನ್ನೂ ತಾನಾಗಿ ಮೊದಲು ಕತ್ತರಿಸಿದವಳಲ್ಲ. ಕೇಳುತ್ತ ಹೋದಳು. ಕೊನೆಗೆ ಆ ಹುಡುಗಿ, "ನಿಮ್ಮ ದನಿ ಕೇಳಿದ್ರೆ ನಮ್ಮಮ್ಮ ಮಾತಾಡಿದ ಹಾಗೇ ಆಗುತ್ತೆ ಮೇಡಂ. ಅಮ್ಮಾ ಅಂತಲೇ ಕರೀಲಾ?" ಎಂದಳು. ಅಷ್ಟೇ. ಆ ಒಂದು ಮಾತು ಹಲೋ ಅಕ್ಕನ ಎದೆಯಲ್ಲಿ ಹೋಗಿ ಕೂತುಬಿಟ್ಟಿತು.

ಹೋಟೆಲಿನ ಎರಡನೇ ಮಹಡಿಯ ಹಾಲಿನಲ್ಲಿ ಬಲೂನು ಕಟ್ಟಿದ್ದರು, ಜೋರಾಗಿ ಹಾಡು ಹಾಕಿದ್ದರು. ಪ್ರತಿ ದುಂಡು ಮೇಜಿಗೆ ಒಂದು ಜೋಡಿ ಗಂಡಹೆಂಡತಿ, ಎದುರಿಗೆ ಕೋಟು ಹಾಕಿದ ಒಬ್ಬ ಮಾತುಗಾರ. ಬಾಗಿಲಲ್ಲಿ ನಿಂತಿದ್ದವನು ಅವಳ ಬೆನ್ನ ಹಿಂದೆ ಇಣುಕಿ ನೋಡಿದ.

"ಸರ್ ಎಲ್ಲಿ ಮೇಡಂ?"

"ಸರ್ ಇಲ್ಲ."

"ಪಾರ್ಕಿಂಗಲ್ಲಿದಾರಾ?"

"ಎಲ್ಲೂ ಇಲ್ಲಪ್ಪ. ಹುಟ್ಟಿದಾಗಿನಿಂದಲೂ ಇಲ್ಲ."

ಅವನು ಗಂಡಹೆಂಡತಿ ಇಬ್ಬರೂ ಬರಲೇಬೇಕು ಎಂಬ ನಿಯಮ ಹೇಳಲು ಹೊರಟ. ಅಷ್ಟರಲ್ಲಿ ಫೋನಿನ ಹುಡುಗಿಯೇ ಓಡಿಬಂದು, "ಇವರು ನಮ್ಮಮ್ಮ, ಬಿಡಿ" ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಒಂದು ಗಂಟೆ ಎಂದದ್ದು ಮೂರೂವರೆ ಗಂಟೆಯಾಯಿತು. ಸರೋವರದ ದಂಡೆಯ ಮನೆಗಳ ಚಿತ್ರಪುಸ್ತಕ ಬಂತು. ವರ್ಷಕ್ಕೊಂದು ವಾರ ಆ ಮನೆ ನಿಮ್ಮದು, ಇಪ್ಪತ್ತೈದು ವರ್ಷ ನಿಮ್ಮದು, ಯಾವ ವಾರ ಬೇಕೋ ಆ ವಾರ, ಬೇಡವಾದರೆ ಲಾಭಕ್ಕೆ ಮಾರಿಕೊಳ್ಳಿ. ಹುಡುಗಿ ಬೆಣ್ಣೆಯಂತೆ ಮಾತಾಡುತ್ತಿದ್ದಳು. ನಡುವೆ ಒಂದು ಫಾರಂ ಕೊಟ್ಟು, "ಮನೇಲಿ ಎಷ್ಟು ಜನ ಅಮ್ಮಾ?" ಎಂದಳು. ಹಲೋ ಅಕ್ಕ ಪೆನ್ನು ತೆಗೆದುಕೊಂಡಳು. ಆಮೇಲೆ ತಮ್ಮ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು, ತಮ್ಮನ ಅತ್ತೆ, ತಾನು ಎಂದು ಸೇರಿಸಿ ಆರು ಎಂದು ಬರೆದಳು.

"ಹಾಗಾದ್ರೆ ನಿಮಗೆ ಆರು ಜನರ ಮನೆಯೇ ಬೇಕು" ಎಂದಳು ಹುಡುಗಿ.

ಆರು ಕುರ್ಚಿಯ ಊಟದ ಮೇಜಿನ ಚಿತ್ರ ಆ ಪುಸ್ತಕದಲ್ಲಿತ್ತು. ಅದನ್ನು ನೋಡುತ್ತ ನೋಡುತ್ತಲೇ ಹಲೋ ಅಕ್ಕ ಸಹಿ ಹಾಕಿದಳು. ಅಮ್ಮನ ಆಸ್ಪತ್ರೆ ಖರ್ಚಿಗೆಂದು ಎತ್ತಿಟ್ಟು, ಖರ್ಚಾಗದೆ ಉಳಿದಿದ್ದ ಹಣವೆಲ್ಲ ಅದಕ್ಕೆ ಹೋಯಿತು. ಸಹಿ ಆಗುತ್ತಲೇ ಯಾರೋ ಗಂಟೆ ಬಾರಿಸಿದರು. ಹಾಲಿನ ತುಂಬ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ತನಗಾಗಿ ಅಷ್ಟು ಕೈಗಳು ಕೂಡಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಮುಖ ಕೆಂಪಾಯಿತು, ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಒಪ್ಪಂದದ ಪುಸ್ತಕವನ್ನು ಅವಳು ಓದಿದ್ದು ಮೂರು ವಾರದ ಮೇಲೆ. ಇರುವೆ ಸಾಲಿನಂಥ ಅಕ್ಷರ. ನಲವತ್ತೊಂದನೇ ಪುಟದಲ್ಲಿ, ಬೇಡವೆನಿಸಿದರೆ ಹತ್ತು ದಿನದೊಳಗೆ ಬರೆದು ತಿಳಿಸಬಹುದು, ಹಣ ಪೂರ್ತಿ ಹಿಂದೆ ಬರುತ್ತದೆ ಎಂದಿತ್ತು. ಹಾಲಿನಲ್ಲಿ ಈ ಮಾತನ್ನು ಯಾರೂ ಎತ್ತಿರಲಿಲ್ಲ. ಅದರ ಮುಂದಿನ ಪುಟದಲ್ಲಿ, ಹೋದರೂ ಹೋಗದಿದ್ದರೂ ಪ್ರತಿವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕು, ಅದು ವರ್ಷದಿಂದ ವರ್ಷಕ್ಕೆ ಏರುತ್ತದೆ ಎಂದಿತ್ತು.

ಆದರೂ ಅವಳ ಉತ್ಸಾಹ ಪೂರ್ತಿ ಇಳಿಯಲಿಲ್ಲ. ಮಕ್ಕಳ ಬೇಸಿಗೆ ರಜೆಗೆ ಒಂದು ವಾರ ಕೇಳಿ ಕಂಪನಿಗೆ ಫೋನ್ ಮಾಡಿದಳು. "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂದು ಯಂತ್ರ ಹೇಳಿತು. ಹಾಡು, ಮತ್ತೆ ಯಂತ್ರ, ಮತ್ತೆ ಹಾಡು. ಜನರನ್ನು ಕಾಯಿಸುವ ಕೆಲಸದಲ್ಲಿ ಕೂದಲು ನೆರೆಸಿಕೊಂಡವಳು ಈಗ ತಾನೇ ಕಾದಳು. ಐವತ್ತು ನಿಮಿಷದ ಮೇಲೆ ಸಿಕ್ಕವನು, ಬೇಸಿಗೆ ವಾರಗಳೆಲ್ಲ ಒಂಬತ್ತು ತಿಂಗಳ ಮೊದಲೇ ಮುಗಿದಿವೆ ಎಂದ. ಮರುವರ್ಷ ಒಂಬತ್ತು ತಿಂಗಳ ಮೊದಲೇ ಮಾಡಿದಳು. ಆಗಲೂ ಮುಗಿದಿತ್ತು. ಎರಡು ವರ್ಷದ ಶುಲ್ಕ ಕಟ್ಟಿದ ಮೇಲೆ, ಮೂರನೇ ವರ್ಷ, ಚಳಿ ಹಿಡಿದ ತಿಂಗಳಲ್ಲಿ ಒಂದು ವಾರ ಸಿಕ್ಕಿತು.

ತಮ್ಮನಿಗೆ ಫೋನ್ ಮಾಡಿದಳು.

"ಆಗ ಮಕ್ಕಳಿಗೆ ಪರೀಕ್ಷೆ ಅಕ್ಕಾ."

"ಎರಡು ದಿನವಾದ್ರೂ?"

"ಅವಳಿಗೂ ಆಫೀಸಲ್ಲಿ ರಜೆ ಇಲ್ಲ. ಅವರಮ್ಮನಿಗೆ ಚಳಿ ಆಗಲ್ಲ. ನೀನು ಹೋಗಿ ಬಾ, ಆರಾಮಾಗಿ." ಆಮೇಲೆ ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಹೊರಹಾಕಿದ. "ಅಕ್ಕಾ, ಬೇಜಾರು ಮಾಡ್ಕೋಬೇಡ. ಆ ಕಾಗದದಲ್ಲಿ ಮಕ್ಕಳ ಹೆಸರು ಹಾಕಿಸಿದೀಯಂತಲ್ಲ. ನಿನ್ನ ನಂತರ ಆ ಶುಲ್ಕ ಅವರ ತಲೆಗೆ ಬರುತ್ತೆ ಅಂತ ಯಾರೋ ಹೇಳಿದ್ರು. ಅದೊಂದು ತೆಗೆಸಿಬಿಡ್ತೀಯಾ?"

ಈ ಸಲ ಆಚೆ ಯಾವ ಸದ್ದೂ ಇರಲಿಲ್ಲ. ಪೂರ್ತಿ ಗಮನವಿಟ್ಟೇ ಮಾತಾಡುತ್ತಿದ್ದ. ಅವಳು, "ಆಯ್ತು ಕಣೋ" ಎಂದಳು. ಆ ಮಕ್ಕಳಿಗೆ ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡು ಹೆಸರು ಬರೆಸಿದ್ದಳು. ಅದನ್ನು ಹೇಳಲಿಲ್ಲ.

ಜೊತೆಗೆ ಯಾರಾದರೂ ಬರುತ್ತಾರೋ ಎಂದು ಉಗ್ರಾಣದ ಗುಮಾಸ್ತೆಯನ್ನು ಕೇಳಿದಳು, ಕೆಳಗಿನ ಜೆರಾಕ್ಸ್ ಅಂಗಡಿಯವನ ಹೆಂಡತಿಯನ್ನು ಕೇಳಿದಳು. ಇಬ್ಬರೂ ಖುಷಿಯಿಂದ ನೋಡೋಣ ಎಂದರು. ಹಾಗೆಂದರೆ ಇಲ್ಲ ಎಂದು. ಒಬ್ಬಳೇ ಹೊರಟಳು.

ಸರೋವರ ಚಿತ್ರದಲ್ಲಿದ್ದ ಹಾಗೇ ಇತ್ತು, ಬಣ್ಣ ಮಾತ್ರ ಬೂದಿ. ರಿಸೆಪ್ಷನ್ನಿನವನು ಬೀಗದ ಕೈ ಕೊಡುತ್ತ, "ಉಳಿದವರು ಆಮೇಲೆ ಬರ್ತಾರಾ ಮೇಡಂ?" ಎಂದ. "ಹೂಂ" ಎಂದುಬಿಟ್ಟಳು. ಮನೆಯೊಳಗೆ ಆರು ತಟ್ಟೆ, ಆರು ಲೋಟ, ಆರು ಚಮಚ, ಮಡಿಚಿಟ್ಟ ಆರು ಟವೆಲು. ಎರಡು ಮಲಗುವ ಕೋಣೆಯಲ್ಲಿ ಯಾವುದರಲ್ಲಿ ಮಲಗಬೇಕೆಂದು ತೋಚದೆ ಹಾಲಿನ ಸೋಫಾ ಮೇಲೇ ಮಲಗಿದಳು. ಎರಡನೇ ದಿನ ಬ್ರೆಡ್ಡು ಸುಟ್ಟು, ಮೊಟ್ಟೆ ಬೇಯಿಸಿ, ಮೇಜಿಗೆ ತಂದು ಕೂತಳು. ಎದುರಿನ ಖಾಲಿ ಕುರ್ಚಿಗಳು ಅವಳನ್ನೇ ನೋಡುತ್ತಿರುವ ಹಾಗಾಗಿ, ತಟ್ಟೆ ಎತ್ತಿಕೊಂಡು ಅಡುಗೆಮನೆಯಲ್ಲಿ ನಿಂತೇ ತಿಂದಳು. ಬೋರ್ಡಿನ ಮುಂದಿದ್ದರೆ ಗಂಟೆಗೆ ಎಂಬತ್ತು ಸಲ ಹಲೋ ಎನ್ನುತ್ತಿದ್ದ ಬಾಯಿ, ಆ ಎರಡು ದಿನದಲ್ಲಿ ಆಡಿದ್ದು ಒಂದು 'ಹೂಂ'.

ಮೂರನೇ ದಿನ ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಒಂದು ಕಾರ್ಡು ಬಂತು. ಸದಸ್ಯರಿಗೆ, ಅತಿಥಿಗಳಿಗೆ ಉಚಿತ ಉಪಾಹಾರ, ದಯವಿಟ್ಟು ಬನ್ನಿ ಎಂದಿತ್ತು. ಯಾರಾದರೂ ಮಾತಿಗೆ ಸಿಗುತ್ತಾರೆಂದು ಹೋದಳು. ಅಲ್ಲಿಯೂ ದುಂಡು ಮೇಜು, ಅಲ್ಲಿಯೂ ಕೋಟು. ಒಬ್ಬ ಯುವಕ ಅವಳ ಕಾಗದ ತಿರುವಿಹಾಕಿ, "ಓ, ನಿಮ್ಮದು ಬಿಳಿ ವಾರ ಮೇಡಂ. ಅದಕ್ಕೇ ರಜೆ ದಿನಗಳು ಸಿಗ್ತಿಲ್ಲ. ಬೇಸಿಗೆ ಬೇಕಂದ್ರೆ ಕೆಂಪು ವಾರಕ್ಕೆ ಬದಲಾಯಿಸ್ಕೋಬೇಕು. ಸ್ವಲ್ಪ ಮೇಲೆ ಕೊಟ್ರೆ ಆಯ್ತು" ಎಂದ. ವಾರಕ್ಕೂ ಬಣ್ಣವಿದೆ ಎಂದು ಅವಳಿಗೆ ತಿಳಿದದ್ದು ಆಗಲೇ.

ಅಷ್ಟರಲ್ಲಿ ಬೆನ್ನ ಹಿಂದಿನ ಮೇಜಿನಿಂದ ಒಂದು ದನಿ ಕೇಳಿಸಿತು.

"ನಿಮ್ಮ ದನಿ ಕೇಳಿದ್ರೆ ನಮ್ಮಮ್ಮ ಮಾತಾಡಿದ ಹಾಗೇ ಆಗುತ್ತೆ ಮೇಡಂ. ಅಮ್ಮಾ ಅಂತಲೇ ಕರೀಲಾ?"

ಹಲೋ ಅಕ್ಕ ತಿರುಗಿ ನೋಡಿದಳು. ಅದೇ ಹುಡುಗಿ. ಎದುರಿಗೆ ಮಫ್ಲರ್ ಸುತ್ತಿಕೊಂಡ ಒಬ್ಬ ಹೆಂಗಸು, ಪಕ್ಕದಲ್ಲಿ ಗಂಡ. ಆ ಹೆಂಗಸಿಗೆ ನೆಗಡಿಯಾಗಿ ಗಂಟಲು ಎಷ್ಟು ಕಟ್ಟಿತ್ತೆಂದರೆ, "ಕರೀರಿ" ಎಂದದ್ದು ಹಳೇ ಬಾಗಿಲು ಕಿರುಗುಟ್ಟಿದ ಹಾಗಿತ್ತು. ನಗಬೇಕಾದ ಸಂಗತಿಯೇ. ಹಲೋ ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ಹಣ ಹೋಯಿತೆಂದು ತಿಳಿದಾಗಲೂ ಇಷ್ಟು ಕಷ್ಟವಾಗಿರಲಿಲ್ಲ. ಮೂರು ವರ್ಷ, ಬೋರ್ಡಿನ ಮುಂದೆ ಕೂತ ಎಷ್ಟೋ ಬೇಸರದ ಹೊತ್ತಿನಲ್ಲಿ, ಆ ಮಾತನ್ನು ತೆಗೆದು ತೆಗೆದು ನೋಡಿಕೊಂಡಿದ್ದಳು.

ಹುಡುಗಿ ಕಾಗದ ತರಲು ಒಳಗೆ ಹೋದದ್ದೇ ತಡ, ಹಲೋ ಅಕ್ಕ ಎದ್ದು ಆ ಮೇಜಿಗೆ ಹೋದಳು.

"ಸಹಿ ಹಾಕಿದ್ರೂ ಪರವಾಗಿಲ್ಲ. ಇವತ್ತೇ ಮನೆಗೆ ಹೋಗಿ ನಲವತ್ತೊಂದನೇ ಪುಟ ಓದಿ. ಹತ್ತು ದಿನ ಟೈಮ್ ಇರುತ್ತೆ."

ಗಂಡ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀವ್ಯಾರು? ಬೇರೆ ಕಂಪನಿಯವರಾ?"

"ಇಲ್ಲಪ್ಪ. ನಾನೂ ಕೊಂಡವಳೇ."

"ಕೊಂಡವರು ಇಲ್ಲೇ ಬಂದು ಮಜಾ ಮಾಡ್ತಾ ಇದೀರಲ್ಲ" ಎಂದು ಅವನು ನಕ್ಕ. ಹೆಂಡತಿ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಕರವಸ್ತ್ರದ ಅಂಚನ್ನು ಮಡಿಚುತ್ತ ಕೂತಳು. ಹಲೋ ಅಕ್ಕ ಹೊರಗೆ ಬಂದು ಮೆಟ್ಟಿಲಿಳಿಯುವಾಗ ಒಳಗೆ ಗಂಟೆ ಬಾರಿಸಿದರು, ಚಪ್ಪಾಳೆ ಕೇಳಿಸಿತು. ಆ ಹೆಂಗಸು ಪುಟ ತೆರೆದಳೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಸಂಜೆ ದಂಡೆಯ ಬೆಂಚಿನಲ್ಲಿ ಕೂತಿದ್ದಾಗ ಹುಡುಗಿ ಆ ಕಡೆ ಬಂದಳು. ಹಿಮ್ಮಡಿ ಎತ್ತರದ ಚಪ್ಪಲಿ ಕೈಯಲ್ಲಿತ್ತು, ಬರಿಗಾಲು. ಮುಖ ನೋಡಿ ಗುರುತು ಹತ್ತದೆ ಸುಮ್ಮನೆ ಮುಗುಳ್ನಕ್ಕಳು.

"ಕಾಲು ನೋವಾ?" ಎಂದಳು ಹಲೋ ಅಕ್ಕ.

ಹುಡುಗಿ ನಿಂತುಬಿಟ್ಟಳು. ದನಿ ಗುರುತು ಸಿಕ್ಕಿತ್ತು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, "ಹಾಗೆ ಕರೆಯೋಕೆ ಹೇಳಿಕೊಟ್ಟಿರ್ತಾರೆ ಅಮ್ಮಾ... ಮೇಡಂ" ಎಂದಳು.

"ನಿಮ್ಮಮ್ಮ ಇದಾರಾ?"

"ಇದಾರೆ. ಮಾತು ಕಡಿಮೆ. ತಿಂಗಳಿಗೊಂದು ಸಲ ಫೋನ್ ಮಾಡ್ತೀನಿ."

ಹೊರಡುವ ಮುಂಚೆ ಹುಡುಗಿ ದನಿ ತಗ್ಗಿಸಿ, "ಮಾರೋಕೆ ಹೋಗ್ಬೇಡಿ, ಯಾರೂ ಕೊಳ್ಳಲ್ಲ. ಮಾರಿಸಿಕೊಡ್ತೀವಿ ಅಂತ ಫೋನ್ ಮಾಡೋರು ಇನ್ನೂ ದೊಡ್ಡ ಕಳ್ಳರು, ಅವರಿಗೆ ಒಂದು ಕಾಸೂ ಕೊಡ್ಬೇಡಿ. ಹಿಂದಿರುಗಿಸೋ ಅರ್ಜಿ ಅಂತ ಒಂದಿದೆ. ಕೇಳಿದವರಿಗೆ ಮಾತ್ರ ಕೊಡ್ತಾರೆ. ದುಡ್ಡು ವಾಪಸ್ ಬರಲ್ಲ, ಆದ್ರೆ ಮುಂದಕ್ಕೆ ಕಟ್ಟೋದು ತಪ್ಪುತ್ತೆ. ನಾನು ಹೇಳಿದೆ ಅನ್ಬೇಡಿ" ಎಂದಳು.

ಇನ್ನೂ ನಾಲ್ಕು ದಿನ ಬಾಕಿಯಿದ್ದರೂ ಹಲೋ ಅಕ್ಕ ಮರುದಿನವೇ ಬಸ್ಸು ಹತ್ತಿದಳು. ಆ ಅರ್ಜಿ ಕೈಗೆ ಬರಲು ಐದು ತಿಂಗಳು, ಹದಿನಾಲ್ಕು ಕರೆ, ಮೂರು ರಿಜಿಸ್ಟರ್ ಪತ್ರ ಬೇಕಾಯಿತು. ಇಲ್ಲ ಎಂದವರಿಗೆಲ್ಲ ಅವಳು ಅದೇ ಮೆತ್ತನೆ ದನಿಯಲ್ಲಿ, "ಪರವಾಗಿಲ್ಲ, ಲೈನಲ್ಲೇ ಇರ್ತೀನಿ" ಎನ್ನುತ್ತಿದ್ದಳು. ಲೈನಿನಲ್ಲಿ ಕಾಯುವುದರಲ್ಲಿ ಅವಳನ್ನು ಸೋಲಿಸುವವರು ಆ ಕಂಪನಿಯಲ್ಲಿ ಯಾರೂ ಇರಲಿಲ್ಲ. ಕೊನೆಗೊಂದು ದಿನ ಮೊಹರು ಹಾಕಿದ ಕಾಗದ ಬಂತು. ಕೊಟ್ಟದ್ದೆಲ್ಲ ಹೋಯಿತು, ಮುಂದಿನದು ನಿಂತಿತು.

ಆ ಭಾನುವಾರ ತಮ್ಮನ ಫೋನ್ ಬಂದಾಗ ಅವಳು ವಿಷಯ ತಿಳಿಸಿದಳು. ಅವನು, "ಸದ್ಯ!" ಎಂದು ದೊಡ್ಡ ಉಸಿರು ಬಿಟ್ಟ. ಆಮೇಲೆ ಅವಳು ಮೂರು ವರ್ಷದ ಹಿಂದೆಯೇ, ಯಾವ ಸರೋವರವೂ ಇಲ್ಲದೆ, ಕೇಳಬಹುದಾಗಿದ್ದ ಒಂದು ಮಾತು ಕೇಳಿದಳು.

"ನನಗೆ ನಾಲ್ಕು ದಿನ ರಜೆ ಇದೆ ಕಣೋ. ನಿಮ್ಮನೆಗೆ ಬರಲಾ?"

"ಇದೇನಕ್ಕಾ, ಕೇಳೋದಾ? ಬಾ" ಎಂದ. ಅವನು ಒಪ್ಪುವ ಮುಂಚೆ ಒಂದು ಕ್ಷಣ ತಡವಾದದ್ದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ಹೋದಳು.

ಅವಳಿಗೆ ಹಾಲಿನಲ್ಲಿ ಹಾಸಿಗೆ ಹಾಕಿಕೊಟ್ಟರು. ತಮ್ಮನ ಹೆಂಡತಿ, "ಅತ್ತಿಗೆ, ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ" ಎಂದು ಯಾವ ಕೆಲಸಕ್ಕೂ ಬಿಡಲಿಲ್ಲ. ಮಕ್ಕಳು, "ಅತ್ತೆ, ಯಾವಾಗ ಬಂದ್ರಿ?" ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡರು. ಎರಡನೇ ದಿನ ಸಂಜೆ ತಮ್ಮ ಪಕ್ಕದಲ್ಲಿ ಬಂದು ಕೂತು, ಅಮ್ಮ ಹಲ್ಲು ಸೆಟ್ ಕಳೆದುಕೊಂಡು ಮನೆಯೆಲ್ಲ ಹುಡುಕಿಸಿ ಕೊನೆಗೆ ಬಾಯಲ್ಲೇ ಇದ್ದದ್ದನ್ನು ನೆನಪಿಸಿದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದು ಒಂದು ಹತ್ತು ನಿಮಿಷ. ಆಮೇಲೆ ಅವನಿಗೆ ಯಾವುದೋ ಫೋನ್ ಬಂತು, ಎದ್ದುಹೋದ.

ಮೂರನೇ ದಿನ ಮಧ್ಯಾಹ್ನ ಅವಳು ರಜೆ ಮುಗಿಯಿತೆಂದು ಹೇಳಿ ಚೀಲ ಎತ್ತಿಕೊಂಡಳು. ತಮ್ಮ ಬಸ್ ನಿಲ್ದಾಣದವರೆಗೂ ಬಂದು, ಬಸ್ಸು ತಿರುವು ದಾಟುವವರೆಗೆ ನಿಂತಿದ್ದ. ರಜೆ ಇನ್ನೂ ಒಂದು ದಿನ ಉಳಿದಿತ್ತು. ಆ ದಿನ ಅವಳು ತನ್ನ ಎರಡು ಕೋಣೆಯ ಪರದೆಗಳನ್ನು ಒಗೆದು ಟೆರೇಸಿನಲ್ಲಿ ಹರವಿ, ಪಕ್ಕದ ಗೋಡೆಯ ನೆರಳಲ್ಲಿ ಒಂದು ಚಾಪೆ ಹಾಸಿಕೊಂಡು, ಅವು ಒಣಗುವ ತನಕ ಕೂತಿದ್ದಳು.