ಕೊಂಡಿ ಇಲ್ಲದ ತಾರಸಿ

ಅತ್ತೆ ಕೈಯ ಹಿಂಭಾಗವನ್ನು ಒದ್ದೆ ಮಾಡಿಕೊಂಡು, ಗೋಡೆಯ ಜಾಲಂಧ್ರದ ಮುಂದೆ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಚರ್ಮ ತಣ್ಣಗಾದರೆ ಗಾಳಿ ಒಳಗೆ ಬರುತ್ತಿದೆ ಎಂದು ಅರ್ಥ. ನನ್ನ ನೆನಪಿನಲ್ಲಿ ಅದು ಎಡಗೈ. ಆದರೆ ಎಡಗೈಗೆ ಅವಳು ಗಡಿಯಾರ ಕಟ್ಟುತ್ತಿದ್ದಳು, ಅದಕ್ಕೆ ನೀರು ಸೋಕಿಸುವವಳಲ್ಲ. ಹಾಗಾದರೆ ಬಲಗೈ ಇರಬೇಕು, ಅಥವಾ ಗಡಿಯಾರ ನನ್ನದೇ ಕಲ್ಪನೆ. ಇಲ್ಲಿನ ವಿವರಗಳಲ್ಲಿ ಕೆಲವು ತಪ್ಪಿರಬಹುದು. ಅತ್ತೆಯ ಬಗ್ಗೆ ಬರೆಯುವಾಗ ಇದನ್ನು ಮೊದಲೇ ಹೇಳಿಬಿಡಬೇಕು ಅನಿಸುತ್ತದೆ. ಅವಳು ತನ್ನ ನೆನಪನ್ನು ಅನುಮಾನಿಸಿದವಳೇ ಅಲ್ಲ.

ಅವಳು ಅಪ್ಪನ ತಂಗಿ. ಹೊಳೆನರಸೀಪುರದಲ್ಲಿ ಹುಟ್ಟಿ ಬೆಳೆದು, ವಾಸ್ತುಶಿಲ್ಪ ಓದಿ, ಹಾಸನದ ಹೊರಗಿನ ಒಂದು ವಿಶ್ವವಿದ್ಯಾಲಯದ ಕಟ್ಟಡ ವಿಭಾಗ ಸೇರಿದ್ದಳು. ಮದುವೆಯಾಗಲಿಲ್ಲ. ವರ್ಷಗಟ್ಟಲೆ ಕಾಂಪೌಂಡು, ಸೈಕಲ್ ಸ್ಟ್ಯಾಂಡು, ನೀರಿನ ಟ್ಯಾಂಕು ಕಟ್ಟಿಸಿದಳು. ಸಿಬ್ಬಂದಿಯ ಮನೆಗಳಿಗೆ ನಕ್ಷೆ ಬರೆಯುವ ಕೆಲಸ ಸಿಕ್ಕಾಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಈ ಊರಿನ ಹವೆಗೆ ಹೊಂದುವ ಮನೆ ಹೇಗಿರುತ್ತದೆಂದು ತೋರಿಸುತ್ತೇನೆ ಎಂದಳು.

ಪಶ್ಚಿಮಕ್ಕೆ ದಪ್ಪ ಮಣ್ಣಿಟ್ಟಿಗೆಯ ಗೋಡೆ, ನಡುವೆ ಆಕಾಶಕ್ಕೆ ತೆರೆದ ಪುಟ್ಟ ತೊಟ್ಟಿ, ಅದರ ಸುತ್ತ ಪಡಸಾಲೆ. ಜಾಲಂಧ್ರಗಳನ್ನು ಎಲ್ಲರಂತೆ ಮೇಲೆ ಇಡದೆ ನೆಲದ ಹತ್ತಿರ ಇಡಿಸಿದಳು, ಚಾಪೆಯ ಮೇಲೆ ಮಲಗಿದವರ ಮುಖಕ್ಕೆ ಗಾಳಿ ತಾಗಬೇಕು ಎಂದು. ಅಷ್ಟು ಕೆಳಗೆ ಯಾಕೆ ಎಂದು ನಾನು ಕೇಳಿದ್ದೆ. ಅವಳು ಹೇಳಿದ ಮಾತು, ನನಗೆ ನೆನಪಿರುವ ಮಟ್ಟಿಗೆ, ಇದು:

“ಹೊಳೆನರಸೀಪುರದ ಮನೇಲಿ, ಬೇಸಿಗೇಲಿ ಮಧ್ಯಾಹ್ನ ಊಟ ಆದ್ಮೇಲೆ ನಾನೂ ನಿಮ್ಮಪ್ಪನೂ ತೊಟ್ಟಿ ಪಕ್ಕ ಮಲಗ್ತಿದ್ವಿ. ಗಾಳಿ ಮುಖದ ಮೇಲೇ ಬರೋದು ಕಣೇ. ಬರೋದು, ಹೋಗೋದು, ಮತ್ತೆ ಬರೋದು. ಅಂಥ ನಿದ್ದೆ ಆಮೇಲೆ ಎಲ್ಲೂ ಬರ್ಲಿಲ್ಲ.”

ತಾರಸಿಯಲ್ಲಿ ಹೆಂಚುಗಳನ್ನು ಜೋಡಿ ಜೋಡಿಯಾಗಿ, ಒಂದರ ಮೇಲೊಂದು ಬೋರಲು ಮುಚ್ಚಿ ಕಾಂಕ್ರೀಟಿನೊಳಗೆ ಹೂತಿದ್ದರು. ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಲನ್ನು ತಡೆಯುತ್ತದೆ. ಅಂಥ ತಾರಸಿಗೆ ಫ್ಯಾನಿನ ಕೊಂಡಿಯನ್ನು ಕಾಂಕ್ರೀಟು ಸುರಿಯುವ ಮೊದಲೇ ಇಡಬೇಕು. ಆಮೇಲೆ ಕೊರೆಯಲು ಹೋದರೆ ಒಳಗಿನ ಹೆಂಚು ಒಡೆಯುತ್ತದೆ. ಸಭೆಯಲ್ಲಿ ಯಾರೋ ಕೊಂಡಿ ಎಲ್ಲಿ ಎಂದು ಕೇಳಿದರಂತೆ. “ಹಾಸನದಲ್ಲಿ ಫ್ಯಾನಾ?” ಎಂದಳಂತೆ ಅತ್ತೆ. ಎಲ್ಲರೂ ನಕ್ಕರಂತೆ. ಬಡವರ ಊಟಿ ಎಂದು ಕೇಳುತ್ತಲೇ ಬೆಳೆದವರು ಅವರೆಲ್ಲ, ರಗ್ಗು ಹೊದೆಯದೆ ಮಲಗಿದ ನೆನಪು ಒಬ್ಬರಿಗೂ ಇರಲಿಲ್ಲ. ಫ್ಯಾನು ಕೊಟ್ಟರೆ ಜನ ಕಿಟಕಿ ಮುಚ್ಚುತ್ತಾರೆ, ಗಾಳಿಯ ಮರ್ಯಾದೆ ಹೋಗುತ್ತದೆ ಎಂದು ಅವಳು ವಾದಿಸಿದಳು. ಒಂದು ಮನೆಗೂ ಕೊಂಡಿ ಇಡಲಿಲ್ಲ.

ಮೊದಲ ಮಳೆಗಾಲ ಎಲ್ಲರೂ ಹೊಗಳಿದರು. ಅತ್ತೆಯೂ ಒಂದು ಮನೆ ಪಡೆದು, ಹೊಳೆನರಸೀಪುರದಿಂದ ಅಜ್ಜಿಯನ್ನು ಕರೆತಂದಳು. ಆಮೇಲೆ ಹೆದ್ದಾರಿಯ ಸಾಲುಮರಗಳು ಹೋದವು, ಪಶ್ಚಿಮದ ಕೆರೆ ಬತ್ತಿತು. ಕೆರೆಯ ಮೇಲಿಂದ ಬರಬೇಕಿದ್ದ ಗಾಳಿ ಬಂದರೆ ಒಲೆಯ ಬಾಯಿಂದ ಬಂದ ಹಾಗೆ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ. ಹಾವು ನುಗ್ಗೀತೆಂದು ಹೆದರಿ ಕೆಲವರು ಜಾಲಂಧ್ರಕ್ಕೆ ಹಳೆ ಬಟ್ಟೆ ತುರುಕಿದರು. ಅತ್ತೆ ಸಂಜೆ ವಾಕಿಂಗ್ ಹೋಗುವಾಗ ಹೊರಗಿನಿಂದಲೇ ಆ ಬಟ್ಟೆಗಳನ್ನು ಎಳೆದುಹಾಕುತ್ತಿದ್ದಳು. ಮನೆಯವರು ನೋಡಿದರೂ ಅವಳಿಗೆ ನಾಚಿಕೆ ಇಲ್ಲ.

ಪಕ್ಕದ ಮನೆಯ ಅಟೆಂಡರ್‌ನ ತಾಯಿ ಸೊಸೆಯ ಬಾಣಂತನಕ್ಕೆ ದಂಡಿಗನಹಳ್ಳಿಯಿಂದ ಬಂದಿದ್ದರು. ತೊಟ್ಟಿಲು ಕಟ್ಟಲು ಸೂರಿನ ತುಂಬ ಹುಡುಕಿ, ನೇರ ಅತ್ತೆಯ ಪಡಸಾಲೆಗೆ ಬಂದರು.

“ಅಲ್ಲ ಕಣವ್ವಾ, ಇಷ್ಟು ದೊಡ್ಡ ಮನೆ ಕಟ್ಸಿದ್ದೀಯ, ಕೂಸಿನ್ ತೊಟ್ಲು ನೇತಾಕಕ್ಕೆ ಒಂದು ಕೊಂಡಿ ಮಡಗಕ್ಕಾಗ್ನಿಲ್ವಾ? ಮಕ್ಳ್ ಎತ್ತಿ ಆಡಿಸ್ದೇ ಇರೋರ ಕೈಲಿ ಮನೆ ಕಟ್ಸುದ್ರೆ ಇಂಗೇಯಾ.”

ಅತ್ತೆ ಕಾಫಿ ಕುಡೀರಿ ಎಂದಳು. ಅವರು ಕುಡಿದು, ಲೋಟ ತಾವೇ ತೊಳೆದಿಟ್ಟು ಹೋದರು. ಅವತ್ತು ಅತ್ತೆ ವಾಕಿಂಗ್ ಹೋಗಲಿಲ್ಲ.

ಅಜ್ಜಿಯ ಕೊನೆಯ ಬೇಸಿಗೆಗೆ ಬರುತ್ತೇನೆ. ಅಷ್ಟರಲ್ಲಿ ಕ್ಯಾಂಪಸ್ಸಿನ ಎಲ್ಲ ಮನೆಗಳಲ್ಲೂ ಸ್ಟ್ಯಾಂಡ್ ಫ್ಯಾನುಗಳು ತಿರುಗುತ್ತಿದ್ದವು, ಅತ್ತೆಯ ಮನೆಯೊಂದನ್ನು ಬಿಟ್ಟು. ಅಜ್ಜಿ ಊಟ ಕಡಿಮೆ ಮಾಡಿದ್ದಳು, ಹೊತ್ತು ಗೊತ್ತು ತಪ್ಪುತ್ತಿತ್ತು. ಅಪ್ಪ ನಾವಿದ್ದ ಅರಕಲಗೂಡಿನಿಂದ ಒಂದು ಫ್ಯಾನು ತಂದ. ಅತ್ತೆ ಅದರ ಪೆಟ್ಟಿಗೆಯನ್ನೇ ಬಿಚ್ಚಲಿಲ್ಲ. ಒಂದು ಮಳೆ ಬೀಳಲಿ, ಮನೆ ತಾನಾಗಿ ತಣ್ಣಗಾಗುತ್ತದೆ ಎಂದಳು. ಅಪ್ಪ ರೇಗಿದ. “ನಿನ್ನ ನಕ್ಷೆ ಗೆಲ್ಲಬೇಕೋ, ಅಮ್ಮ ಉಳೀಬೇಕೋ?” ಎಂದು ಕೇಳಿದ. “ಎರಡೂ” ಎಂದಳು ಅತ್ತೆ. ಅಪ್ಪ ಊಟ ಮಾಡದೆ ಬಸ್ಸು ಹತ್ತಿದ.

ರಜೆಗೆ ಬಂದಿದ್ದ ನಾನು ಉಳಿದುಕೊಂಡೆ. ಮಳೆ ಬರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಜಾಲಂಧ್ರದ ಪಕ್ಕ ಮಲಗಿದ್ದಳು. ಕಣ್ಣು ಅರೆ ಮುಚ್ಚಿತ್ತು. ಮೊಣಕೈಯನ್ನು ಚಾಪೆಗೆ ಊರಿ, ಖಾಲಿ ಕೈಯನ್ನು ಎತ್ತಿ ಇಳಿಸುತ್ತಿದ್ದಳು. ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ನೊಣ ಓಡಿಸುತ್ತಿದ್ದಾಳೆ ಎಂದುಕೊಂಡೆ. ಏನಜ್ಜಿ ಎಂದು ಕೇಳಿದೆ.

“ಮಗು ಬೆವರ್ತಾ ಇದೆ” ಎಂದಳು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಅದು ಕೇಳಿಸಿತು ಎಂದು ನಾನು ನಂಬಿದ್ದೇನೆ, ಖಚಿತವಾಗಿ ಹೇಳಲಾರೆ. ಅಡುಗೆಮನೆಯಿಂದ ಚಾಕು ತಂದು ಫ್ಯಾನಿನ ಪೆಟ್ಟಿಗೆ ಕೊಯ್ದಳು. ರೆಕ್ಕೆಯನ್ನು ನಾನು ಕೂರಿಸಿದೆ. ಫ್ಯಾನು ತಿರುಗತೊಡಗಿದ ಮೇಲೂ ಅಜ್ಜಿಯ ಕೈ ನಿಲ್ಲಲಿಲ್ಲ. ಆ ವಾರವೇ ಅಜ್ಜಿ ಹೋದಳು. ವಯಸ್ಸಾಗಿತ್ತು ಎಂದರು ಡಾಕ್ಟರು. ಮುಂಚೆಯೇ ಫ್ಯಾನು ಹಾಕಿದ್ದರೆ ಉಳಿಯುತ್ತಿದ್ದಳೇ ಎಂದು ನಾವು ಯಾರೂ ಕೇಳಲಿಲ್ಲ. ಅತ್ತೆಯನ್ನು ಯಾರೂ ಕೇಳಬೇಕಾಗಿಯೂ ಇರಲಿಲ್ಲ.

ವೈಕುಂಠ ಸಮಾರಾಧನೆ ಮುಗಿಸಿ ಕೆಲಸಕ್ಕೆ ಮರಳಿದವಳೇ, ಪ್ರತಿ ಮನೆಯಲ್ಲೂ ಗೋಡೆಯಿಂದ ಗೋಡೆಗೆ ಕಬ್ಬಿಣದ ಪೈಪು ಹಾಸಿ ಅದಕ್ಕೆ ಫ್ಯಾನು ತೂಗುಹಾಕಿಸುವ ಕೆಲಸ ಹಿಡಿದಳು. ಯಾವುದಕ್ಕೂ ತಗ್ಗದಿದ್ದವಳು ವೆಲ್ಡರ್‌ನ ಹಿಂದೆ ಛತ್ರಿ ಹಿಡಿದು ಮನೆಯಿಂದ ಮನೆಗೆ ಅಲೆದಳು. ಈಗ ಪೈಪಿಗೆ ತೊಟ್ಟಿಲನ್ನೂ ಕಟ್ಟಬಹುದು ಎಂದು ಪಕ್ಕದ ಮನೆಗೆ ತಾನೇ ಹೋಗಿ ಹೇಳಿಬಂದಳು. ಅಷ್ಟು ಹೊತ್ತಿಗೆ ಆ ಕೂಸು ನಡೆಯಲು ಕಲಿತಿತ್ತು. ತನ್ನ ಮನೆಗೆ ಮಾತ್ರ ಪೈಪು ಹಾಕಿಸಲಿಲ್ಲ. ಅಜ್ಜಿಗೆಂದು ಬಿಚ್ಚಿದ ಫ್ಯಾನನ್ನೂ ಯಾರಿಗೋ ಕೊಟ್ಟುಬಿಟ್ಟಳು. ನಾನು ಹೋದಾಗಲೆಲ್ಲ ನೆಲದ ಮೇಲೆ, ಅಜ್ಜಿ ಮಲಗುತ್ತಿದ್ದ ಜಾಗದಲ್ಲೇ ಮಲಗಿರುತ್ತಿದ್ದಳು. ಕೈ ಒದ್ದೆ ಮಾಡಿ ಜಾಲಂಧ್ರಕ್ಕೆ ಹಿಡಿಯುವುದನ್ನು ಮತ್ತೆ ನಾನು ನೋಡಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೆದುಳಿನಲ್ಲಿ ರಕ್ತಸ್ರಾವ. ಕೈ ಹಿಡಿದುಕೊಂಡಿದ್ದೆ, ತಣ್ಣಗಿತ್ತು. ಅದು ಯಾವ ಕೈ ಎಂಬುದೂ ಈಗ ನೆನಪಿಲ್ಲ.

ಅವಳ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಜಾಲಂಧ್ರಗಳನ್ನು ಸಿಮೆಂಟಿನಿಂದ ಮುಚ್ಚಿ, ಒಂದರ ಮುಂದೆ ಫ್ರಿಜ್ ಇಟ್ಟಿದ್ದಾರೆ.

ಹೋದ ಬೇಸಿಗೆಯಲ್ಲಿ ಅರಕಲಗೂಡಿಗೆ ಹೋದಾಗ ಅಪ್ಪನನ್ನು ಒಂದು ಮಾತು ಕೇಳಿದೆ. ಹಳೆ ಮನೆಯ ಆ ತೊಟ್ಟಿಯ ಪಕ್ಕ ಮಲಗಿದವರಲ್ಲಿ ಉಳಿದಿರುವವನು ಅವನೊಬ್ಬನೇ. ಅಪ್ಪ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ಫೋನಿನಲ್ಲೂ ಕೇಳಿದೆ, ಬೇರೆ ಮಾತೆತ್ತಿದ. ಇವತ್ತಿಗೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ: “ಅಪ್ಪಾ, ಹೊಳೆನರಸೀಪುರದ ಮನೆ ನಿಜವಾಗ್ಲೂ ಅಷ್ಟು ತಂಪಾಗಿತ್ತಾ, ಇಲ್ಲ ನೀವಿಬ್ರೂ ನಿದ್ದೆ ಹೋಗೋ ತನಕ ಅಜ್ಜಿ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸ್ತಿದ್ಲಾ?”